ಪಿಯಾನೋ ವಾದಕ ಟೆಡ್ಡಿ ವಿಲ್ಸನ್: ಆತನ ಜೀವಿತವೂ ಧ್ವನಿಮುದ್ರಿಕೆಗಳೂ

೧

ಪಾಶ್ಚಾತ್ಯ ಸಂಗೀತವೆಂದರೆ ನಮ್ಮ ವಿದ್ಯಾವಂತರ ಮನಸ್ಸಿಗೆ ಮೊದಲು ತೋರುವುದು ಮೋಟ್ಸಾರ್ಟ್, ಬೀಥೋವನ್ ಮೊದಲಾದವರ ಹೆಸರು. ಜಾಝ್ ಎಂಬ ಮಾತು ಕಿವಿಗೆ ಬಿದ್ದರೆ ಹೋಟೆಲಿನ ಕುಣಿತ, ಕುಡಿತ, ಗದ್ದಲ ಇವುಗಳೇ ನೆನಪಾಗಿ, ಅದು ವಿಚಾರಕ್ಕೆ ತಕ್ಕ ವಸ್ತುವಲ್ಲವೆಂದು ಅನೇಕರು ಪಕ್ಕಕ್ಕೆ ಸರಿಸಿಬಿಡುವುದುಂಟು. ಈ ಉದಾಸೀನಕ್ಕೆ ಕಾರಣವಿಲ್ಲದೆ ಇಲ್ಲ. ನಮ್ಮ ದೇಶದ ಮಹಾನಗರಗಳಲ್ಲಿ ಜಾಝ್ ನೆಲೆಸಿದುದು ಬಹುಮಟ್ಟಿಗೆ ದೊಡ್ಡ ಹೋಟೆಲುಗಳ ಆಶ್ರಯದಲ್ಲಿಯೇ. ಶಿಕಾಗೋ ನಗರದಲ್ಲಿ ಹೆಸರು ಮಾಡಿದ್ದ ಟೆಡ್ಡಿ ವೆದರ್‌ಫರ್ಡ್ ಎಂಬ ಕಪ್ಪು ಜನಾಂಗದ ಪಿಯಾನೋ ವಾದಕನು ಷಾಂಘೈ ನಗರದಲ್ಲಿ ಕೆಲಕಾಲ ಇದ್ದು, ಅನಂತರ ಮುಂಬಯಿಯ ತಾಜ್ ಮಹಲ್ ಹೋಟೆಲಿನಲ್ಲಿಯೂ ಕಲ್ಕತ್ತೆಯ ಗ್ರ್ಯಾಂಡ್ ಹೋಟೆಲಿನಲ್ಲಿಯೂ ವಾದ್ಯವೃಂದ ನಡೆಸಿ, ೧೯೪೫ರಲ್ಲಿ ಕಲ್ಕತ್ತೆಯಲ್ಲಿಯೇ ಕಾಲರಾ ರೋಗದಿಂದ ತೀರಿಕೊಂಡನು. ಆತನ ವಾದನವನ್ನು ಕೇಳಿದವರಲ್ಲಿ ಹೆಚ್ಚಿನವರು ಊಟಕ್ಕೋ ಕುಣಿತಕ್ಕೋ ಬಂದವರೇ ಹೊರತು ಸಂಗೀತವನ್ನೇ ಅರಸಿ ಬಂದವರಲ್ಲ.

ಆದರೆ ಈ ಸಂಗೀತವು ತನ್ನ ಹುಟ್ಟುನಾಡಿನಲ್ಲಿ ಬೇರೊಂದು ಭಾರವನ್ನು ಹೊತ್ತಿದ್ದಿತು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಗುಲಾಮಗಿರಿಯು ೧೮೬೫ರಲ್ಲಿ ಶಾಸನದಿಂದ ರದ್ದಾಯಿತಾದರೂ, ಬಿಳಿಯರನ್ನೂ ಕರಿಯರನ್ನೂ ಬೇರೆ ಬೇರೆ ಇರಿಸುವುದು ನ್ಯಾಯಸಮ್ಮತವೆಂದು ಅಲ್ಲಿಯ ಪರಮೋಚ್ಚ ನ್ಯಾಯಾಲಯವು ೧೮೯೬ರಲ್ಲಿ ತೀರ್ಪು ಕೊಟ್ಟಿದ್ದಿತು. ಶಾಲೆ, ರೈಲುಗಾಡಿ, ಊಟದ ಮನೆ, ಸ್ಮಶಾನ ಇವುಗಳಲ್ಲಿದ್ದ ಈ ಗೋಡೆ ಸಂಗೀತದ ವೇದಿಕೆಯಲ್ಲಿಯೂ ಇದ್ದಿತು. ಪಂಕ್ತಿಭೇದವನ್ನು ಕಂಡು ಬೆಳೆದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆ ಗೋಡೆಯಲ್ಲಿ ಮೊದಲು ಬಿರುಕು ಬಿಟ್ಟ ಎಡೆಗಳಲ್ಲೊಂದರಲ್ಲಿ ಮೃದುಭಾಷಿಯಾದ ಒಬ್ಬ ತರುಣ ಪಿಯಾನೋ ವಾದಕನು ಕುಳಿತಿದ್ದನು. ಆತನ ಹೆಸರು ಥಿಯೊಡೋರ್ ಶಾ ವಿಲ್ಸನ್. ಲೋಕವು ಕರೆದುದು ಟೆಡ್ಡಿ ವಿಲ್ಸನ್ ಎಂದು. ಆತನ ಜೀವಿತವನ್ನೂ ಧ್ವನಿಮುದ್ರಿಕೆಗಳನ್ನೂ ಸಂಗ್ರಹವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

೨

ವಿಲ್ಸನ್ನನು ೧೯೧೨ನೆಯ ನವೆಂಬರ್ ೨೪ರಂದು ಟೆಕ್ಸಸ್ ಪ್ರಾಂತದ ಆಸ್ಟಿನ್ ಪಟ್ಟಣದಲ್ಲಿ ಹುಟ್ಟಿದನು. ಆತನು ಇನ್ನೂ ಚಿಕ್ಕ ಬಾಲಕನಾಗಿರುವಾಗಲೇ ತಂದೆತಾಯಿಗಳಿಗೆ ಅಲಬಾಮಾ ಪ್ರಾಂತದ ಟಸ್ಕೀಗೀ ವಿದ್ಯಾಸಂಸ್ಥೆಯಲ್ಲಿ ಉದ್ಯೋಗ ದೊರೆತು ಸಂಸಾರವು ಅಲ್ಲಿಗೆ ಹೋಯಿತು. ಬುಕರ್ ವಾಷಿಂಗ್ಟನ್ ಎಂಬ ಮಹನೀಯನು, ತಾನೇ ಗುಲಾಮನಾಗಿ ಹುಟ್ಟಿದವನು, ತನ್ನ ಜನರ ವಿದ್ಯಾಭ್ಯಾಸಕ್ಕಾಗಿ ೧೮೮೧ರಲ್ಲಿ ಕಟ್ಟಿ ಬೆಳೆಸಿದ ಸಂಸ್ಥೆ ಇದು. ಪುಸ್ತಕ, ಪಾಠ, ಶಿಸ್ತು ಇವುಗಳ ನಡುವೆ ಬೆಳೆದ ಬಾಲಕನು ಅಲ್ಲಿಯೇ ಪಿಯಾನೋ ಮತ್ತು ಪಿಟೀಲುಗಳನ್ನು ಅಭ್ಯಾಸ ಮಾಡಿ, ಬಳಿಕ ಟಲ್ಲಡೀಗಾ ಕಾಲೇಜಿನಲ್ಲಿ ಸ್ವಲ್ಪ ಕಾಲ ಸಂಗೀತಶಾಸ್ತ್ರವನ್ನು ಓದಿದನು. ಜಾಝ್ ವಾದಕರೆಲ್ಲರೂ ಓದುಬರಹವಿಲ್ಲದೆ ಬೀದಿಯಿಂದ ಎದ್ದು ಬಂದವರೆಂಬ ಕಲ್ಪನೆಗೆ ಆತನ ಬಾಲ್ಯವೇ ಉತ್ತರ.

೧೯೨೯ರಲ್ಲಿ, ಹದಿನಾರು ಹದಿನೇಳರ ವಯಸ್ಸಿನಲ್ಲಿ, ಆತನು ಕಾಲೇಜನ್ನು ಬಿಟ್ಟು ಉತ್ತರದ ಡೆಟ್ರಾಯಿಟ್ ನಗರಕ್ಕೆ ಹೋಗಿ ವೃತ್ತಿಯ ವಾದಕನಾದನು. ಮುಂದಿನ ಕೆಲವು ವರ್ಷಗಳು ಅಲೆದಾಟದವು. ಆದರೆ ಆ ಅಲೆದಾಟವೇ ಆತನ ಗುರುಕುಲವಾಯಿತು. ಒಹಾಯೋ ಪ್ರಾಂತದ ಟೊಲೀಡೋ ಪಟ್ಟಣದಲ್ಲಿ ಆರ್ಟ್ ಟೇಟಮ್ ಎಂಬ, ಕಣ್ಣು ಬಹುಮಟ್ಟಿಗೆ ಕಾಣದ ವಾದಕನ ಸ್ನೇಹವಾಯಿತು. ಪಿಯಾನೋವಿನ ಮೇಲೆ ಟೇಟಮ್ಮನ ಬೆರಳುಗಳಿಗೆ ಇದ್ದ ವೇಗಕ್ಕೂ ಪೂರ್ಣತೆಗೂ ಜಾಝ್ ಲೋಕದಲ್ಲಿ ಎಣೆಯಿಲ್ಲವೆಂದು ಬಲ್ಲವರ ಮತ. ೧೯೩೧ರಿಂದ ಶಿಕಾಗೋದಲ್ಲಿ ನೆಲೆಸಿದಾಗ ಅಲ್ಲಿಯ ಅಗ್ರಗಣ್ಯನಾದ ಅರ್ಲ್ ಹೈನ್ಸನ ವಾದನವನ್ನು ಹತ್ತಿರದಿಂದ ಕೇಳುವ ಅವಕಾಶ ದೊರೆಯಿತು. ಹೈನ್ಸನು ಬಲಗೈಯಲ್ಲಿ ತುತ್ತೂರಿಯ ನುಡಿಯನ್ನು ತಂದವನು. ೧೯೩೩ರ ಆರಂಭದಲ್ಲಿ ವಿಲ್ಸನ್ನನು ಲೂಯಿ ಆರ್ಮ್‌ಸ್ಟ್ರಾಂಗನ ವಾದ್ಯವೃಂದದಲ್ಲಿ ನುಡಿಸಿ ಧ್ವನಿಮುದ್ರಣಕ್ಕೂ ಕುಳಿತನು.

ಈ ವಾದನಕ್ರಮದ ವಿಚಾರವಾಗಿ ಎರಡು ಮಾತು ಅಗತ್ಯ. ಆ ಕಾಲದ ಪಿಯಾನೋ ವಾದಕರು ಎಡಗೈಯನ್ನು ಗಡಿಯಾರದ ಲೋಲಕದಂತೆ ಆಡಿಸುತ್ತಿದ್ದರು. ಒಂದು ಎಣಿಕೆಗೆ ಮಂದ್ರದ ಒಂದು ಸ್ವರ, ಮರು ಎಣಿಕೆಗೆ ಮಧ್ಯಸ್ಥಾಯಿಯಲ್ಲಿ ಕೂಡಿಸಿ ಒತ್ತಿದ ಸ್ವರಗಳ ಗುಂಪು. ಹೀಗೆ ಕೈ ಹಾರಿ ಹಾರಿ ಬರುತ್ತಿದ್ದಿತು. ಕುಣಿತಕ್ಕೆ ಇದು ಒಳ್ಳೆಯ ನೆಲೆ, ಆದರೆ ನಾದದಲ್ಲಿ ಕುಲುಕಾಟ ಹೆಚ್ಚು. ವಿಲ್ಸನ್ನನು ಈ ಹಾರಾಟವನ್ನು ತಗ್ಗಿಸಿದನು. ಕಿರುಬೆರಳಿಗೂ ಹೆಬ್ಬೆರಳಿಗೂ ನಡುವೆ ಹತ್ತು ಮನೆಗಳಷ್ಟು ಅಂತರವನ್ನು ಚಾಚಿ, ಎರಡು ಸ್ವರಗಳನ್ನು ಕೂಡಿಸಿ, ಅವುಗಳನ್ನು ಮೆಟ್ಟಿಲಿಳಿದು ಹತ್ತುವವನಂತೆ ಒಂದೊಂದೇ ಹೆಜ್ಜೆಯಾಗಿ ನಡೆಸಿದನು. ಬಲಗೈಯಲ್ಲಿ ಹೈನ್ಸನ ಕಿಡಿಯೂ ಟೇಟಮ್ಮನ ಓಟವೂ ಇದ್ದರೂ, ಸ್ವರಗಳು ಒಂದರ ಮೇಲೊಂದು ಬೀಳದೆ ಪೋಣಿಸಿದ ಮುತ್ತುಗಳಂತೆ ಬಿಡಿಬಿಡಿಯಾಗಿ ಕೇಳುತ್ತವೆ. ಹೇಳಬೇಕಾದುದನ್ನು ಹೇಳಿ ನಿಲ್ಲಿಸುವ ಸಂಯಮ ಆತನದು. ನಮ್ಮ ಸಂಗೀತದಲ್ಲಿ ಮಿತವಾದ ಸ್ವರಪ್ರಸ್ತಾರದಿಂದಲೇ ರಾಗದ ರೂಪವನ್ನು ನಿಲ್ಲಿಸುವ ವಿದ್ವಾಂಸರನ್ನು ಕೇಳಿದವರಿಗೆ ಈ ಗುಣದ ಬೆಲೆ ತಿಳಿಯದೆ ಇರದು.

೩

ಜಾನ್ ಹ್ಯಾಮಂಡ್ ಎಂಬ ಧನಿಕ ಮನೆತನದ ಬಿಳಿಯ ತರುಣನೊಬ್ಬನು ಕಪ್ಪು ಜನರ ಸಂಗೀತಕ್ಕೆ ಮನಸೋತು, ಎಲ್ಲಿ ಒಳ್ಳೆಯ ವಾದಕನಿದ್ದರೂ ಹುಡುಕಿ ತರುವುದನ್ನೇ ವ್ರತವಾಗಿ ಮಾಡಿಕೊಂಡಿದ್ದನು. ಶಿಕಾಗೋದಿಂದ ಪ್ರಸಾರವಾದ ರೇಡಿಯೋ ಕಾರ್ಯಕ್ರಮದಲ್ಲಿ ವಿಲ್ಸನ್ನನ ನಾದವು ಆತನ ಕಿವಿಗೆ ಬಿದ್ದಿತು. ಆತನ ಪ್ರಯತ್ನದಿಂದ ವಿಲ್ಸನ್ನನು ೧೯೩೩ರಲ್ಲಿ ನ್ಯೂಯಾರ್ಕಿಗೆ ಬಂದು ಬೆನ್ನಿ ಕಾರ್ಟರನ ವಾದ್ಯವೃಂದವನ್ನು ಸೇರಿದನು.

೧೯೩೫ನೆಯ ಜುಲೈ ತಿಂಗಳು ಆತನ ಜೀವಿತದಲ್ಲಿ ಮರೆಯಲಾಗದ ತಿಂಗಳು. ಆಗ ಆತನಿಗೆ ೨೨ ವರ್ಷ. ಜುಲೈ ೨ರಂದು ಬ್ರನ್ಸ್‌ವಿಕ್ ಕಂಪೆನಿಗಾಗಿ ತನ್ನ ಹೆಸರಿನ ವಾದ್ಯವೃಂದದೊಡನೆ ಮುದ್ರಣಕ್ಕೆ ಕುಳಿತನು; ಹಾಡಿದವಳು ಇಪ್ಪತ್ತು ವರ್ಷದ ಬಿಲ್ಲಿ ಹಾಲಿಡೇ. ಹನ್ನೊಂದು ದಿನಗಳ ತರುವಾಯ, ಜುಲೈ ೧೩ರಂದು, ವಿಕ್ಟರ್ ಕಂಪೆನಿಯಲ್ಲಿ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಮತ್ತು ಡ್ರಮ್ ವಾದಕ ಜೀನ್ ಕ್ರೂಪಾ ಇವರೊಡನೆ ಮೂವರ ಗೋಷ್ಠಿಯಾಗಿ ನುಡಿಸಿದನು. ಗುಡ್‌ಮನ್ನನು ಬಡ ಯೆಹೂದಿ ದರ್ಜಿಯ ಮಗ, ಕ್ರೂಪಾ ಪೋಲಿಷ್ ವಂಶದವನು, ಇಬ್ಬರೂ ಬಿಳಿಯರು. ಈ ಗೋಷ್ಠಿಯು ಯಾವ ಕಂಪೆನಿಯ ಯೋಜನೆಯಿಂದಲೂ ಹುಟ್ಟಿದುದಲ್ಲ. ಕೆಲವು ವಾರಗಳ ಹಿಂದೆ ಗಾಯಕಿ ಮಿಲ್ಡ್ರೆಡ್ ಬೇಲಿಯ ಮನೆಯಲ್ಲಿ ಸೇರಿದ್ದ ಗೆಳೆಯರ ಕೂಟದಲ್ಲಿ ವಿಲ್ಸನ್ನನೂ ಗುಡ್‌ಮನ್ನನೂ ವಿನೋದಕ್ಕಾಗಿ ಜೊತೆಗೂಡಿ ನುಡಿಸಿದ್ದರು. ಒಬ್ಬನ ಮಾತನ್ನು ಇನ್ನೊಬ್ಬನು ಬಾಯಿ ತೆರೆಯುವ ಮೊದಲೇ ಬಲ್ಲಂತೆ ಅಂದು ನುಡಿ ಕೂಡಿತು.

ಆ ದಿನ ಮುದ್ರಿಸಿದ ನಾಲ್ಕು ಹಾಡುಗಳಲ್ಲಿ ‘ಬಾಡಿ ಅಂಡ್ ಸೋಲ್’ ಎಂಬುದನ್ನು ಗಮನವಿಟ್ಟು ಕೇಳಬೇಕು. ಮೂವರ ಗೋಷ್ಠಿಯಲ್ಲಿ ಮಂದ್ರವನ್ನು ಹಿಡಿಯುವ ದೊಡ್ಡ ತಂತಿವಾದ್ಯವಿಲ್ಲ. ಹಾಗಿದ್ದೂ ಕೇಳುವವನಿಗೆ ಏನೋ ಕೊರತೆಯಾಯಿತೆಂದು ತೋರುವುದಿಲ್ಲ. ಏಕೆಂದರೆ ವಿಲ್ಸನ್ನನ ಎಡಗೈಯೇ ಆ ನೆಲೆಗಟ್ಟಾಗಿ ನಿಂತಿದೆ. ಕ್ಲಾರಿನೆಟ್ ಮೇಲೆ ಹಾರಾಡುವಾಗ ಕೆಳಗೆ ಆತನು ಬಗ್ಗಿ ನಿಲ್ಲುವುದಿಲ್ಲ; ತನ್ನದೇ ಆದ ಮತ್ತೊಂದು ರಾಗಪಂಕ್ತಿಯನ್ನು ಸಮಾನನಾಗಿ ನುಡಿಯುತ್ತಾನೆ. ಅಲ್ಲಿ ಪ್ರಧಾನನೂ ಪಕ್ಕವಾದ್ಯದವನೂ ಇಲ್ಲ, ಸಂಭಾಷಣೆ ಮಾತ್ರ ಉಂಟು. ವೇದಿಕೆಯ ಮೇಲೆ ಯಾವುದು ನಿಷಿದ್ಧವಾಗಿದ್ದಿತೋ ಆ ಸಮತೆಯು ಮೂರು ನಿಮಿಷಗಳ ಮಟ್ಟಿಗೆ ನಾದದಲ್ಲಿ ಸಿದ್ಧವಾಗಿತ್ತು.

ಇಲ್ಲಿ ಇತಿಹಾಸದ ಒಂದು ಸೂಕ್ಷ್ಮವುಂಟು. ಬಿಳಿಯರೂ ಕರಿಯರೂ ಕೂಡಿ ಧ್ವನಿಮುದ್ರಣ ಮಾಡಿದುದು ಇದೇ ಮೊದಲಲ್ಲ. ೧೯೨೩ರಷ್ಟು ಹಿಂದೆಯೇ ಜೆಲ್ಲಿ ರೋಲ್ ಮಾರ್ಟನ್ ಎಂಬ ಪಿಯಾನೋ ವಾದಕನು ಬಿಳಿಯರ ತಂಡವೊಂದರೊಡನೆ ನುಡಿಸಿದ್ದನು. ಮುದ್ರಣ ಮಂದಿರದ ಬಾಗಿಲು ಮುಚ್ಚಿರುತ್ತದೆ. ತಟ್ಟೆಯ ಮೇಲೆ ಬಣ್ಣ ಕಾಣಿಸುವುದಿಲ್ಲ. ಕೊಳ್ಳುವವನಿಗೆ ನಾದ ಬೇಕು, ಮಾರುವವನಿಗೆ ಹಣ ಬೇಕು. ಆದುದರಿಂದ ಮರೆಯಲ್ಲಿ ಕೂಡುವುದಕ್ಕೆ ಯಾರ ಆಕ್ಷೇಪಣೆಯೂ ಇದ್ದಿಲ್ಲ; ಎದುರಿನಲ್ಲಿ ಕೂಡುವುದೇ ಅಪರಾಧವಾಗಿದ್ದಿತು. ೧೯೩೫ರ ತಟ್ಟೆಗಳಿಂದ ಆದ ವಿಶೇಷವೇನೆಂದರೆ, ಅವು ಜನರ ಮೆಚ್ಚಿಕೆ ಪಡೆದು, ಕೇಳಿದವರಿಗೆ ಈ ಮೂವರನ್ನು ಕಣ್ಣಿನಿಂದಲೂ ಕಾಣುವ ಆಸೆಯನ್ನು ಹುಟ್ಟಿಸಿದುದು.

೪

ಆ ಆಸೆ ಕೈಗೂಡಿದುದು ೧೯೩೬ನೆಯ ಏಪ್ರಿಲ್ ೧೨ರಂದು, ಈಸ್ಟರ್ ಹಬ್ಬದ ಭಾನುವಾರ, ಶಿಕಾಗೋದ ಕಾಂಗ್ರೆಸ್ ಹೋಟೆಲಿನಲ್ಲಿ. ಅಷ್ಟರೊಳಗೆ ಗುಡ್‌ಮನ್ನನ ದೊಡ್ಡ ವಾದ್ಯವೃಂದವು ದೇಶಕ್ಕೆಲ್ಲ ಪ್ರಸಿದ್ಧವಾಗಿ, ಸ್ವಿಂಗ್ ಎಂಬ ಹೆಸರಿನ ಸಂಗೀತವು ತರುಣರನ್ನು ಮರುಳುಗೊಳಿಸಿದ್ದಿತು. ಹೆಲೆನ್ ಓಕ್ಲಿ ಎಂಬ ಕೆನಡಾ ದೇಶದ ತರುಣಿಯು ಅಲ್ಲಿ ಏರ್ಪಡಿಸಿದ ಕಚೇರಿಗೆ ವಿಲ್ಸನ್ನನನ್ನು ಕರೆಯಿಸಬೇಕೆಂದು ಹಟ ಹಿಡಿದಳು. ಗುಡ್‌ಮನ್ನನಿಗೆ ಅಳುಕಿದ್ದಿತು; ಏರುತ್ತಿದ್ದ ಕೀರ್ತಿಯನ್ನು ಪಣಕ್ಕಿಡಲು ಯಾರಿಗಾದರೂ ಅಳುಕು ಸಹಜವೇ. ಕಡೆಗೆ ಒಪ್ಪಿದನು. ಮೂವರೂ ವೇದಿಕೆಗೆ ಬಂದರು, ನುಡಿಸಿದರು; ಭಯಪಟ್ಟ ಗಲಭೆ ಏನೂ ಆಗಲಿಲ್ಲ, ಸಭಿಕರು ಸಂತೋಷಪಟ್ಟರು. ಅಂದಿನಿಂದ ವಿಲ್ಸನ್ನನು ಗುಡ್‌ಮನ್ನನ ಸಂಗಡ ಊರೂರು ತಿರುಗತೊಡಗಿದನು. ಅದೇ ವರ್ಷದ ಆಗಸ್ಟಿನಲ್ಲಿ ಲಯನಲ್ ಹ್ಯಾಂಪ್ಟನ್ ಎಂಬ ಕಪ್ಪು ಜನಾಂಗದ ವೈಬ್ರಫೋನ್ ವಾದಕನು ಸೇರಿ ಮೂವರ ಗೋಷ್ಠಿ ನಾಲ್ವರದಾಯಿತು. ಅಮೆರಿಕದ ಪ್ರಧಾನ ಬೇಸ್‌ಬಾಲ್ ಪಂದ್ಯಗಳಲ್ಲಿ ಬಿಳಿಯರ ತಂಡಕ್ಕೆ ಜಾಕಿ ರಾಬಿನ್‌ಸನ್ ಸೇರಿದುದು ೧೯೪೭ರಲ್ಲಿ. ಪ್ರತ್ಯೇಕ ಶಾಲೆಗಳನ್ನು ನ್ಯಾಯಾಲಯವು ತಳ್ಳಿಹಾಕಿದುದು ೧೯೫೪ರಲ್ಲಿ. ಸಂಗೀತವು ಎಷ್ಟು ಮುಂದೆ ನಡೆದಿತ್ತೆಂಬುದು ಈ ವರ್ಷಗಳಿಂದಲೇ ವ್ಯಕ್ತವಾಗುತ್ತದೆ.

ಈ ವೃತ್ತಾಂತವನ್ನು ಹೇಳುವವರು ಸಾಮಾನ್ಯವಾಗಿ ಗುಡ್‌ಮನ್ನನ ಔದಾರ್ಯವನ್ನು ಕೊಂಡಾಡಿ ಮುಗಿಸುತ್ತಾರೆ. ಆತನ ಧೈರ್ಯವು ನಿಜವಾದುದೇ. ಆದರೆ ಚಿತ್ರದ ಮತ್ತೊಂದು ಮಗ್ಗುಲನ್ನು ಮರೆಯಬಾರದು. ವಿಲ್ಸನ್ನನಿಗೆ ದೊರೆತುದು ಅರ್ಧ ಆಸನ. ದೊಡ್ಡ ವಾದ್ಯವೃಂದದ ಪಿಯಾನೋ ಪೀಠದಲ್ಲಿ ಬಿಳಿಯ ವಾದಕನೇ ಕುಳಿತಿರುತ್ತಿದ್ದನು. ವಿಲ್ಸನ್ನನೂ ಹ್ಯಾಂಪ್ಟನ್ನನೂ ಕಚೇರಿಯ ನಡುವೆ ವಿಶೇಷ ಕಾರ್ಯಕ್ರಮವಾಗಿ ಬಂದು, ನುಡಿಸಿ, ಮತ್ತೆ ಒಳಗೆ ಹೋಗಬೇಕು. ಆ ವೃಂದಕ್ಕೆ ಸ್ವರಯೋಜನೆಗಳನ್ನು ಬರೆದುಕೊಟ್ಟು ಅದರ ಕೀರ್ತಿಗೆ ಕಾರಣನಾದ ಫ್ಲೆಚರ್ ಹೆಂಡರ್‌ಸನ್ನನು ಸಹ ಕಪ್ಪು ಜನಾಂಗದವನೇ. ಆತನು ಆ ಪೀಠದಲ್ಲಿ ವೃಂದದ ಸದಸ್ಯನಾಗಿ ಕುಳಿತುದು ೧೯೩೯ರಲ್ಲಿ, ವಿಲ್ಸನ್ನನು ಬಿಟ್ಟುಹೋದ ವರ್ಷ. ಒಳಗೆ ಕರೆದು ಜಗುಲಿಯಲ್ಲಿ ಮಣೆ ಹಾಕುವ ಮರ್ಯಾದೆಯಂತೆ ಇದು. ಆದರೂ ಆ ಜಗುಲಿಯ ಮಣೆಯ ಮೇಲೆ ವಿಲ್ಸನ್ನನು ಕುಳಿತ ರೀತಿಯಲ್ಲಿ ದೈನ್ಯವಿರಲಿಲ್ಲ. ಬೆನ್ನು ನೆಟ್ಟಗೆ, ಮುಖದಲ್ಲಿ ಶಾಂತಿ, ಕೈಗಳಲ್ಲಿ ಆತುರವಿಲ್ಲದ ನಡೆ. ಬಿಳಿಯರೆದುರು ಹಲ್ಲು ಕಿರಿದು ನಗಿಸುವ ವೇಷವನ್ನು ಕಪ್ಪು ಕಲಾವಿದರಿಂದ ರಂಗವು ನಿರೀಕ್ಷಿಸುತ್ತಿದ್ದ ಕಾಲದಲ್ಲಿ, ಆತನು ಸಂಗೀತಗಾರನಾಗಿ ಮಾತ್ರ ಬಂದು ಸಂಗೀತಗಾರನಾಗಿಯೇ ಎದ್ದು ಹೋದನು.

೧೯೩೮ನೆಯ ಜನವರಿ ೧೬ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಗುಡ್‌ಮನ್ನನ ತಂಡವು ಕಚೇರಿ ಮಾಡಿದಾಗ ಈ ನಾಲ್ವರೂ ವೇದಿಕೆಯಲ್ಲಿದ್ದರು. ಶಾಸ್ತ್ರೀಯ ಸಂಗೀತದ ಗರ್ಭಗುಡಿಯೆನಿಸಿದ ಆ ಮಂದಿರದಲ್ಲಿ ಅಂದು ನುಡಿಸಿದುದನ್ನು ಮುದ್ರಿಸಿಟ್ಟಿದ್ದು, ಅದು ೧೯೫೦ರಲ್ಲಿ ಪ್ರಕಟವಾಗಿ ಅಪಾರವಾಗಿ ಮಾರಾಟವಾಯಿತು.

೫

ಇನ್ನು ಬ್ರನ್ಸ್‌ವಿಕ್ ತಟ್ಟೆಗಳ ವಿಚಾರ. ೧೯೩೫ರಿಂದ ೧೯೩೯ರ ವರೆಗೆ ವಿಲ್ಸನ್ನನ ಹೆಸರಿನಲ್ಲಿ ಹೊರಬಂದ ಈ ಮುದ್ರಿಕೆಗಳು ಹುಟ್ಟಿದುದು ಕಲಾಸೇವೆಗಾಗಿ ಅಲ್ಲ. ನಾಣ್ಯ ಹಾಕಿದರೆ ತಟ್ಟೆ ತಿರುಗಿ ಹಾಡುವ ಜೂಕ್‌ಬಾಕ್ಸ್ ಪೆಟ್ಟಿಗೆಗಳು ಕಪ್ಪು ಜನರ ಕೇರಿಗಳ ಅಂಗಡಿ, ಊಟದ ಮನೆಗಳಲ್ಲಿ ಹೆಚ್ಚುತ್ತಿದ್ದುವು. ಅವುಗಳಿಗೆ ಅಗ್ಗದ ಸರಕು ಬೇಕಾಗಿತ್ತು. ಆ ತಿಂಗಳು ಪ್ರಚಾರದಲ್ಲಿದ್ದ ಸಿನಿಮಾ ಹಾಡುಗಳಲ್ಲಿ ಬಿಳಿಯ ಗಾಯಕರಿಗೆ ಹೋಗಿ ಮಿಕ್ಕವುಗಳು ಹೆಚ್ಚಾಗಿ ಇವರ ಪಾಲು. ಬರೆದ ಸ್ವರಯೋಜನೆಗೆ ಖರ್ಚು ಮಾಡುವಂತಿಲ್ಲ. ಏಳೆಂಟು ಮಂದಿಯನ್ನು ಕೂಡಿಸಿ, ಒಂದು ಕುಳಿತದಲ್ಲಿ ನಾಲ್ಕು ಹಾಡುಗಳನ್ನು ಮುಗಿಸಬೇಕು. ಹತ್ತು ಅಂಗುಲದ ತಟ್ಟೆ ನಿಮಿಷಕ್ಕೆ ೭೮ ಸುತ್ತು ತಿರುಗಿ ಸುಮಾರು ಮೂರು ನಿಮಿಷಕ್ಕೆ ಮುಗಿಯುವುದು.

ಇಷ್ಟು ಇಕ್ಕಟ್ಟಿನಲ್ಲಿ ವಿಲ್ಸನ್ನನು ಮಾಡಿದುದೇನು? ಡ್ಯೂಕ್ ಎಲಿಂಗ್‌ಟನ್, ಕೌಂಟ್ ಬೇಸಿ, ಗುಡ್‌ಮನ್ ಇವರ ವೃಂದಗಳಿಂದ ಬಿಡುವಿದ್ದ ಉತ್ತಮ ವಾದಕರನ್ನು ಆರಿಸಿದನು. ಯಾರು ಎಲ್ಲಿ ಎಷ್ಟು ನುಡಿಸಬೇಕೆಂಬುದನ್ನು ಅಲ್ಲಿಯೇ ಬಾಯಿಮಾತಿನಲ್ಲಿ ಗೊತ್ತುಮಾಡಿದನು. ಉಳಿದುದನ್ನು ಅವರವರ ಮನೋಧರ್ಮಕ್ಕೆ ಬಿಟ್ಟನು. ಮೊದಲ ದಿನದ ‘ವಾಟ್ ಎ ಲಿಟಲ್ ಮೂನ್‌ಲೈಟ್ ಕ್ಯಾನ್ ಡೂ’ ಎಂಬ ಹಾಡು ಸಾಹಿತ್ಯದಿಂದ ನೋಡಿದರೆ ಹುರುಳಿಲ್ಲದ್ದು. ಆದರೆ ಬಿಲ್ಲಿ ಹಾಲಿಡೇ ಅದನ್ನು ತಾಳದಿಂದ ತುಸು ಹಿಂದೆ ಸರಿಸಿ, ಮಟ್ಟನ್ನು ತನ್ನ ಇಚ್ಛೆಯಂತೆ ಬಾಗಿಸಿ ಹಾಡುವಾಗ, ಹಿಂದೆ ಪಿಯಾನೋ ಆಕೆಗೆ ಎಲ್ಲಿಯೂ ಅಡ್ಡಬಾರದೆ ಎಲ್ಲೆಡೆಯಲ್ಲಿಯೂ ಆಸರೆಯಾಗಿರುವುದನ್ನು ಕಾಣುತ್ತೇವೆ. ೧೯೩೭ನೆಯ ಜನವರಿ ೨೫ರ ಕೂಟದಲ್ಲಿ ಬೇಸಿಯ ವೃಂದದ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಬಂದು ಸೇರಿದನು. ‘ದಿಸ್ ಇಯರ್ಸ್ ಕಿಸಸ್’, ‘ಐ ಮಸ್ಟ್ ಹ್ಯಾವ್ ದಟ್ ಮ್ಯಾನ್’ ಎಂಬ ಆ ದಿನದ ಮುದ್ರಿಕೆಗಳಲ್ಲಿ ಗಾಯಕಿಯ ಕೊರಳೂ ಯಂಗನ ಉಸಿರೂ ಒಡಹುಟ್ಟಿದವುಗಳಂತೆ ಕೇಳುತ್ತವೆ. ಅವೆರಡರ ನಡುವೆ ಮಾತು ತಪ್ಪದಂತೆ ನೋಡಿಕೊಳ್ಳುವ ಹಿರಿಯಣ್ಣನ ಕೆಲಸ ವಿಲ್ಸನ್ನನದು.

ಇದರ ಕಹಿಯನ್ನೂ ಹೇಳಬೇಕು. ಈ ತಟ್ಟೆಗಳಿಗಾಗಿ ಗಾಯಕಿಗೆ ದೊರೆತುದು ಒಂದು ಕುಳಿತಕ್ಕೆ ಇಷ್ಟೆಂದು ಗೊತ್ತುಮಾಡಿದ ಅಲ್ಪ ಹಣ; ಮಾರಾಟದ ಮೇಲೆ ಪಾಲಿಲ್ಲ. ಕಂಪೆನಿಗಳು ಅವುಗಳನ್ನು ಮುಂದೆ ತಲೆಮಾರುಗಳ ವರೆಗೆ ಮರುಮುದ್ರಿಸಿದರೂ ಹಾಡಿದವಳು ೧೯೫೯ರಲ್ಲಿ ಬಡತನದಲ್ಲಿಯೇ ಸತ್ತಳು. ಅಗ್ಗದ ಸರಕೆಂದು ಮಾಡಿಸಿದುದು ಅನರ್ಘ್ಯವಾಯಿತು. ಆದರೆ ಆ ಬೆಲೆ ಮಾಡಿದವರ ಕೈಸೇರಲಿಲ್ಲ.

೬

೧೯೩೯ರಲ್ಲಿ ವಿಲ್ಸನ್ನನು ಗುಡ್‌ಮನ್ನನನ್ನು ಬಿಟ್ಟು ಸ್ವಂತ ದೊಡ್ಡ ವಾದ್ಯವೃಂದವನ್ನು ಕಟ್ಟಿದನು. ನಾದವು ಶುದ್ಧವಾಗಿಯೂ ನಯವಾಗಿಯೂ ಇದ್ದಿತು. ಅಷ್ಟೇ ಅದರ ದೋಷವೆಂದು ಜನ ಆಡಿಕೊಂಡರು. ಕಪ್ಪು ವೃಂದವೆಂದರೆ ಅಬ್ಬರವಿರಬೇಕೆಂಬುದು ಕೇಳುವವರ ನಿರೀಕ್ಷೆ. ವರ್ಷ ಸ್ವಲ್ಪ ಹೆಚ್ಚುಕಡಮೆಯೊಳಗೆ, ೧೯೪೦ರಲ್ಲಿ, ಅದು ಚದುರಿಹೋಯಿತು. ಬಳಿಕ ೧೯೪೪ರ ವರೆಗೆ ಆರು ಮಂದಿಯ ಸಣ್ಣ ತಂಡದೊಡನೆ ನ್ಯೂಯಾರ್ಕಿನ ಕೆಫೆ ಸೊಸೈಟಿಯಲ್ಲಿ ನುಡಿಸಿದನು. ಬಿಳಿಯರೂ ಕರಿಯರೂ ಬೇರೆ ಬೇರೆಯಿಲ್ಲದೆ ಒಂದೇ ಸಾಲಿನ ಮೇಜುಗಳಲ್ಲಿ ಕೂಡಬಹುದಾಗಿದ್ದ ವಿರಳ ಸ್ಥಳಗಳಲ್ಲಿ ಅದೊಂದು. ಆ ದಿನಗಳಲ್ಲಿ ಯುದ್ಧಪೀಡಿತ ರಷ್ಯಾದ ನೆರವಿಗಾಗಿ ಕಚೇರಿ ಮಾಡಿದುದಲ್ಲದೆ, ಬೆಂಜಮಿನ್ ಡೇವಿಸ್ ಎಂಬ ಕಪ್ಪು ಜನಾಂಗದ ಕಮ್ಯುನಿಸ್ಟ್ ನಾಯಕನನ್ನು ನಗರಸಭೆಗೆ ಆರಿಸಲು ಏರ್ಪಟ್ಟ ಕಲಾವಿದರ ಸಮಿತಿಗೆ ಆತನೇ ಅಧ್ಯಕ್ಷನಾಗಿದ್ದನು. ಮೌನವಾಗಿ ಪಿಯಾನೋ ನುಡಿಸಿಕೊಂಡಿದ್ದ ಸೌಮ್ಯನಿಗೆ ಲೋಕದ ಅನ್ಯಾಯದ ಅರಿವಿರಲಿಲ್ಲವೆಂದು ತಿಳಿಯುವುದು ತಪ್ಪು. ಒಡನಾಡಿಗಳು ಆತನನ್ನು ‘ಮಾರ್ಕ್ಸ್‌ವಾದಿ ಮೋಟ್ಸಾರ್ಟ್’ ಎಂದು ಕರೆದುದರಲ್ಲಿ ಪರಿಹಾಸ್ಯದ ಜೊತೆಗೆ ಸತ್ಯವೂ ಇದ್ದಿತು.

೧೯೪೫ರಿಂದ ೧೯೫೨ರ ವರೆಗೆ ಆತನು ನ್ಯೂಯಾರ್ಕಿನ ಪ್ರಸಿದ್ಧವಾದ ಜೂಲಿಯಾರ್ಡ್ ಸಂಗೀತಶಾಲೆಯಲ್ಲಿ ಜಾಝ್ ಪಿಯಾನೋ ಪಾಠ ಹೇಳಿದನು. ಕಾಲದ ರುಚಿ ಅಷ್ಟರಲ್ಲಿ ಬದಲಾಗಿ ಹೊಸ ತರುಣರು ಬೇರೆ ದಾರಿ ಹಿಡಿದಿದ್ದರು. ವಿಲ್ಸನ್ನನು ಅವರ ಹಿಂದೆ ಓಡಲಿಲ್ಲ, ಅವರನ್ನು ಹಳಿಯಲೂ ಇಲ್ಲ. ೧೯೫೬ನೆಯ ಜನವರಿಯಲ್ಲಿ ಲೆಸ್ಟರ್ ಯಂಗನೊಡನೆ ಮತ್ತೆ ಕುಳಿತು ಮುದ್ರಿಸಿದ ‘ಪ್ರೆಸ್ ಅಂಡ್ ಟೆಡ್ಡಿ’ ಎಂಬುದು ಆತನ ಉತ್ತರವಯಸ್ಸಿನ ಶ್ರೇಷ್ಠ ಮುದ್ರಿಕೆಗಳಲ್ಲೊಂದು. ಯಂಗನ ದೇಹ ಆಗಲೇ ಜೀರ್ಣವಾಗಿದ್ದಿತು. ಮೂರು ವರ್ಷಗಳಲ್ಲಿ ಆತನು ತೀರಿಕೊಂಡನು. ಬಳಲಿದ ಗೆಳೆಯನ ಹೆಜ್ಜೆಗೆ ತನ್ನ ಹೆಜ್ಜೆಯನ್ನು ಕೂಡಿಸಿ ನಡೆಯುವವನಂತೆ ಪಿಯಾನೋ ಅಲ್ಲಿ ನಡೆಯುತ್ತದೆ. ೧೯೬೨ರಲ್ಲಿ ಗುಡ್‌ಮನ್ನನ ತಂಡದೊಡನೆ ಸೋವಿಯತ್ ದೇಶಕ್ಕೆ ಹೋಗಿ ಬಂದನು. ಕೊನೆಯ ವರ್ಷಗಳಲ್ಲಿ ಸ್ವಂತ ಮಕ್ಕಳಿಬ್ಬರನ್ನೇ ಜೊತೆವಾದಕರನ್ನಾಗಿ ಇರಿಸಿಕೊಂಡು ಕಚೇರಿ ಮಾಡಿದುದುಂಟು.

ವಿಲ್ಸನ್ನನ ಮೇಲೆ ವಿಮರ್ಶಕರು ಹೊರಿಸುವ ಆರೋಪ ಒಂದೇ: ಆತನ ಸಂಗೀತವು ಅತಿ ಸಭ್ಯ, ಅದರಲ್ಲಿ ಕೆಚ್ಚು ಸಾಲದು ಎಂದು. ವಾದನದಲ್ಲಿ ಕೆಲವೊಮ್ಮೆ, ವಿಶೇಷವಾಗಿ ಮುಪ್ಪಿನಲ್ಲಿ, ಅಭ್ಯಾಸದ ಜಾಡು ಕಾಣುವುದುಂಟೆಂದು ನಾವೂ ಒಪ್ಪಬಹುದು. ಆದರೆ ಸಭ್ಯತೆಯೇ ಕೆಚ್ಚಾಗುವ ಸಂದರ್ಭಗಳುಂಟು. ನೀನು ಕೀಳೆಂದು ಒಂದು ಸಮಾಜವೇ ಕೂಗಿ ಹೇಳುತ್ತಿರುವಾಗ, ಕೂಗಿಗೆ ಕೂಗು ಕೊಡದೆ, ಯಾರೂ ತಪ್ಪು ಹಿಡಿಯಲಾಗದ ಪರಿಪೂರ್ಣತೆಯಿಂದ ಉತ್ತರ ಕೊಡುವುದು ಸಾಮಾನ್ಯವಾದ ಧೈರ್ಯವಲ್ಲ. ಆ ಉತ್ತರವನ್ನು ಕೊಟ್ಟುದು ಟಸ್ಕೀಗೀಯ ಅಧ್ಯಾಪಕ ದಂಪತಿಗಳ ಮಗ. ವಿದ್ಯೆಯೇ ವಿಮೋಚನೆಯೆಂಬ ಶ್ರದ್ಧೆಯಲ್ಲಿ ಬೆಳೆದವನು.

ಬೆನ್ನಿ ಗುಡ್‌ಮನ್ನನು ೧೯೮೬ನೆಯ ಜೂನ್ ೧೩ರಂದು ತೀರಿಕೊಂಡನು. ಏಳು ವಾರಗಳು ತುಂಬುವಷ್ಟರಲ್ಲಿ, ಜುಲೈ ೩೧ರಂದು, ಕನೆಕ್ಟಿಕಟ್ ಪ್ರಾಂತದ ನ್ಯೂ ಬ್ರಿಟನ್ ಪಟ್ಟಣದಲ್ಲಿ ವಿಲ್ಸನ್ನನೂ ಹೊರಟುಹೋದನು. ಆಗ ಆತನಿಗೆ ೭೩ ವರ್ಷ. ಕ್ರೂಪಾ ೧೯೭೩ರಲ್ಲಿಯೇ ಮೃತನಾಗಿದ್ದನು. ೧೯೩೫ರ ಆ ಬೇಸಗೆಯ ದಿನ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕುಳಿತ ಮೂವರಲ್ಲಿ ಈಗ ಯಾರೂ ಇಲ್ಲ. ತಟ್ಟೆ ಇದೆ. ಅದನ್ನು ತಿರುಗಿಸಿ ಕಣ್ಣು ಮುಚ್ಚಿ ಕೇಳುವವನು ಮೂರು ವಾದ್ಯಗಳನ್ನು ಬೇರ್ಪಡಿಸಿ ಹೇಳಬಲ್ಲನು. ವಾದಕರ ಬಣ್ಣವನ್ನು ಹೇಳಲಾರನು.